ರಜಾದಿನದ ಮಾತ್ರೆ

“ಹುಡುಕಿ ಸಾಹೇಬ್ರೇ! ಹೋದ ಸಲ ಇದೊಂದು ಬಿಟ್ಟು ಹೋಗಿದ್ರಿ. ಇದ್ರಲ್ಲೂ ಹುಡುಕಿ!”

ಸ್ಟೆನೊ ಅಕ್ಕನ ತಂಗಿ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಾತ್ರೆಯ ಸ್ಟ್ರಿಪ್‌ಗಳು ಜರ್ರನೆ ಜಾರಿ ಹರಡಿದವು. ಎರಡು ನೆಲಕ್ಕೂ ಬಿದ್ದವು.

ಜರಡಿ ಸಾಹೇಬರು ಬಗ್ಗಿ ಅವನ್ನು ಹೆಕ್ಕಿಕೊಂಡರು. ಕೋರ್ಟು ಕಚೇರಿಗಳ ಒಳಗಿನ ಕಳ್ಳಾಟ ಹಿಡಿಯುವುದು ಅವರ ಉದ್ಯೋಗ. ಕೈಗೆ ಏನು ಸಿಕ್ಕರೂ ಜಾಲಿಸಿ ನೋಡದೆ ಬಿಡುವವರಲ್ಲ ಎಂದು ಗುಮಾಸ್ತರು ಇಟ್ಟ ಹೆಸರು ಅದು. ಬೆನ್ನ ಹಿಂದೆ ಹಾಗೆ ಕರೆಯುತ್ತಾರೆಂದು ಅವರಿಗೆ ಗೊತ್ತಿತ್ತು, ಅದರಲ್ಲಿ ಒಳಗೊಳಗೇ ಒಂದು ಹಿಗ್ಗೂ ಇತ್ತು.

“ನಾನು ಹುಡುಕೋಕೆ ಬಂದಿಲ್ಲಮ್ಮ. ಅಕ್ಕನ ಹತ್ರ ಎರಡು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ.”

“ಮಾತಾಡೋಕೆ ಅವಳಿಗೆ ಉಸಿರಾದ್ರೂ ಇರಬೇಕಲ್ಲ?” ತಂಗಿ ಒಳಕೋಣೆಯತ್ತ ಕೈ ತೋರಿದಳು. “ನೀವು ಅವಳ ಚೀಲ ಕೊಡವಿ ಹೋದ್ರಲ್ಲ, ಅವತ್ತಿಂದ ಒಂದೇ ಒಂದು ಮಾತ್ರೆ ಮುಟ್ಟಿಲ್ಲ. ಹೃದಯದ್ದೂ ಇಲ್ಲ, ಬೀಪಿದೂ ಇಲ್ಲ. ಇವತ್ತಿಗೆ ಹತ್ತು ದಿನ. ‘ನುಂಗಕ್ಕಾ’ ಅಂದ್ರೆ ಗೋಡೆ ಕಡೆ ತಿರುಗ್ತಾಳೆ. ಬೆಳಗ್ಗೆಯಿಂದ ಮಲಗೋಕೇ ಆಗ್ತಿಲ್ಲ, ಕೂತೇ ಇದ್ದಾಳೆ. ಆಸ್ಪತ್ರೆಗೆ ಫೋನ್ ಮಾಡಿದ್ದೀನಿ, ಗಾಡಿ ಬರೋಕೆ ಇಪ್ಪತ್ತು ನಿಮಿಷ ಅಂದ್ರು. ಮನೇಲಿರೋ ಮಾತ್ರೆ ಎಲ್ಲಾ ಒಂದೇ ಚೀಲದಲ್ಲಿ ತನ್ನಿ, ಯಾವ ಡಾಕ್ಟ್ರು ಕೊಟ್ಟಿದ್ದಾದ್ರೂ ಸರಿ, ಒಂದೂ ಬಿಡಬೇಡಿ ಅಂದಿದ್ದಾರೆ.”

ಪ್ರಕರಣ ಹೇಳಿಕೊಳ್ಳಲು ಚಿಕ್ಕದು. ಗೋದಾಮಿನ ಬೆಂಕಿಯಲ್ಲಿ ಇಬ್ಬರು ಕೂಲಿಗಳು ಸತ್ತಿದ್ದರು, ಗೇಟಿಗೆ ಬೀಗ ಜಡಿದು ಓಡಿದನೆಂದು ಕಾವಲುಗಾರ ಜೈಲಿನಲ್ಲಿದ್ದ. ಎದುರಿನ ಇಸ್ತ್ರಿ ಅಂಗಡಿಯಾಕೆ ಸಾಕ್ಷಿಕಟ್ಟೆಯಲ್ಲಿ ನಿಂತು “ಬೀಗ ಹಾಕಿದ್ದು ಕಾವಲುಗಾರ ಅಲ್ಲ, ಕಾರಲ್ಲಿ ಬಂದೋರು” ಎಂದಳೆಂದು ಅವನ ವಕೀಲರು ಆಣೆ ಇಟ್ಟು ಹೇಳುತ್ತಿದ್ದರು. ಟೈಪಾದ ಹೇಳಿಕೆಯ ಏಳನೇ ಪುಟದಲ್ಲಿ ಆ ಸಾಲೇ ಇರಲಿಲ್ಲ. ಇಸ್ತ್ರಿಯಾಕೆ ಮನೆ ಖಾಲಿ ಮಾಡಿಕೊಂಡು ಎಲ್ಲಿಗೋ ಹೋಗಿದ್ದಳು. ಪುಟದ ಕೆಳಗೆ ಸಹಿ ಸ್ಟೆನೊ ಅಕ್ಕನದು. ನಾಡಿದ್ದು ಸೋಮವಾರ ತೀರ್ಪು.

ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದು ಟೈಪು ಮಾಡುವ ಆಕೆಯನ್ನು ಇಡೀ ಕೋರ್ಟು ಸ್ಟೆನೊ ಅಕ್ಕ ಎಂದೇ ಕರೆಯುತ್ತಿತ್ತು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಒಂದು ಅಲ್ಪವಿರಾಮವನ್ನೂ ಕಳೆದವಳಲ್ಲ. ಅಂಥವಳು ಕೇಳಿದ್ದಕ್ಕೆಲ್ಲ “ನನ್ನಿಂದಲೇ ತಪ್ಪಾಯ್ತು” ಎಂದಷ್ಟೇ ಹೇಳಿ ಬಾಯಿ ಹೊಲಿದುಕೊಂಡಿದ್ದಳು. ಯಾರಿಗಾಗಿ ಆ ಸಾಲು ನುಂಗಿದಳೆಂದು ಸೋಮವಾರದೊಳಗೆ ಆಕೆಯ ಬಾಯಿಂದ ಹೊರಡಿಸಲು ಸಾಹೇಬರು ಬಂದಿದ್ದರು.

ತಂಗಿ ಅಡುಗೆಮನೆಗೆ ಚೀಲ ತರಲು ಹೋದಳು. ಸಾಹೇಬರ ಕೈ ಸುಮ್ಮನಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ ಅದು ತನ್ನಷ್ಟಕ್ಕೆ ಸ್ಟ್ರಿಪ್‌ಗಳನ್ನು ಗುಂಪು ಮಾಡತೊಡಗಿತು.

ಮೂರು ಚೀಟಿಗಳಿದ್ದವು. ಒಂದು ಹೃದಯದ ಡಾಕ್ಟರದು, ಒಂದು ಮಣಿಕಟ್ಟಿನ ನೋವಿಗೆ ಮೂಳೆ ಡಾಕ್ಟರು ಬರೆದದ್ದು, ಇನ್ನೊಂದು ಬೀದಿಯ ಮೂಲೆಯ ಕ್ಲಿನಿಕ್ಕಿನದು.

“ಈ ಮೂರು ಚೀಟೀನೂ ಒಟ್ಟಿಗೆ ಯಾರಿಗಾದ್ರೂ ತೋರಿಸಿದ್ರಾ?”

“ಕೈ ನೋಡೋ ಡಾಕ್ಟ್ರಿಗೆ ಎದೆ ಚೀಟಿ ಯಾಕೆ ತೋರಿಸ್ಬೇಕು ಅಂತಾಳೆ,” ಒಳಗಿನಿಂದ ಉತ್ತರ ಬಂತು. “ಅವಳದು ಒಂದೊಂದು ಫೈಲು ಒಂದೊಂದು ಕಪಾಟು. ಆಫೀಸು ಬುದ್ಧಿ!”

ಹೃದಯದ ಚೀಟಿಗೆ ಔಷಧಿ ಅಂಗಡಿಯ ಬಿಲ್ಲು ಪಿನ್ನು ಮಾಡಿತ್ತು. ನಾಲ್ಕು ಬಗೆಯ ಮಾತ್ರೆ, ಪ್ರತಿಯೊಂದೂ ನಲವತ್ತು. ಬಿಲ್ಲಿನ ತಾರೀಖಿನಿಂದ ತಾವು ಚೀಲ ಕೊಡವಿದ ದಿನದವರೆಗೆ ಸಾಹೇಬರು ಬೆರಳು ಮಡಿಸಿ ಎಣಿಸಿದರು. ಸರಿಯಾಗಿ ಮೂವತ್ತೈದು ದಿನ. ಮೂರು ಬಗೆಯಲ್ಲಿ ಐದೈದು ಉಳಿದಿದ್ದವು, ಲೆಕ್ಕ ಚುಕ್ತ. ನಾಲ್ಕನೆಯದರಲ್ಲಿ ಮೂವತ್ತು ಹಾಗೇ ಇದ್ದವು. ಹತ್ತು ಮಾತ್ರ ಖರ್ಚಾಗಿದ್ದವು.

ಸಣ್ಣ ಬಿಳಿ ಮಾತ್ರೆ. ಹೆಸರು ಓದುವ ಅಗತ್ಯವೇ ಬೀಳಲಿಲ್ಲ. ಅದು ನೀರಿನ ಮಾತ್ರೆ. ಮೈಯಲ್ಲಿ ನಿಂತ ನೀರನ್ನು ಹೊರಗೆ ಕಳಿಸಿ ಹೃದಯದ ಹೊರೆ ಇಳಿಸುವಂಥದ್ದು. ಬೆಳಗ್ಗೆ ನುಂಗಿದರೆ ಗಂಟೆ ತುಂಬುವುದರೊಳಗೆ ಬಚ್ಚಲಿಗೆ ಓಡಿಸುತ್ತದೆ. ಮೂರು ತಾಸಿನಲ್ಲಿ ಐದು ಸಲ.

ಮೂವತ್ತೈದು ದಿನ ಎಂದರೆ ಐದು ವಾರ. ಐದು ಶನಿವಾರ, ಐದು ಭಾನುವಾರ. ಕೋರ್ಟಿಗೆ ಹತ್ತು ರಜೆ.

ಸಾಹೇಬರ ಕೈ ಅಲ್ಲೇ ನಿಂತಿತು. ಈ ಲೆಕ್ಕ ಬೇರೆ ಯಾವ ಪತ್ತೇದಾರನಿಗೂ ಇಷ್ಟು ಬೇಗ ಹೊಳೆಯುತ್ತಿರಲಿಲ್ಲ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಅವರ ಜೇಬಿನ ಪುಟ್ಟ ಡಬ್ಬಿಯಲ್ಲೂ ಇದೇ ಬಿಳಿ ಮಾತ್ರೆ ಇತ್ತು. ಯಾರದೋ ಮನೆ ಮುಂದೆ ಕಾರಿನಲ್ಲಿ ಕಾದು ಕೂರುವ ದಿನ ಅವರೂ ಅದನ್ನು ನುಂಗುತ್ತಿರಲಿಲ್ಲ. “ರೀ, ಕಾಲು ಊದಿದೆಯಲ್ಲ, ಮಾತ್ರೆ ತಗೊಂಡ್ರಾ?” ಎಂದು ಹೆಂಡತಿ ಕೇಳಿದರೆ “ತಗೊಂಡೆ ಕಣೇ” ಎಂದು ಕಣ್ಣು ತಪ್ಪಿಸುತ್ತಿದ್ದರು. ಊರವರ ಸುಳ್ಳನ್ನೆಲ್ಲ ಜಾಲಿಸುವ ಮಹಾಶಯರು ಮನೆಯಲ್ಲಿ ದಿನಕ್ಕೊಂದು ಸುಳ್ಳು ಹೇಳುತ್ತಿದ್ದರು.

ಕ್ಲಿನಿಕ್ಕಿನ ಸ್ಟ್ರಿಪ್ಪಿನಲ್ಲಿ ಒಂದೇ ಗುಳಿ ಖಾಲಿ ಇತ್ತು. ‘ಮಧ್ಯಾಹ್ನ ಊಟದ ನಂತರ’ ಎಂದು ಪೆನ್ನಿನಲ್ಲಿ ಬರೆದಿತ್ತು. ಚೀಟಿಯ ತಾರೀಖು ನೋಡಿದ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಇಸ್ತ್ರಿಯಾಕೆ ಸಾಕ್ಷಿ ಹೇಳಿದ ದಿನದ ಹಿಂದಿನ ಸಂಜೆ.

ಅವರು ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ ಕ್ಲಿನಿಕ್ಕಿನ ಮಾತ್ರೆಯ ಹೆಸರು ಓದಿದರು.

“ಅದ್ರಲ್ಲಿ ಎರಡು ಔಷಧಿ ಸೇರಿದೆ ಸರ್,” ಔಷಧಿ ಅಂಗಡಿಯಾಕೆ ಹೇಳಿದಳು. “ಬೀಪಿದೂ ಇದೆ, ನೀರಿಂದೂ ಇದೆ. ಯಾರಿಗೆ?”

“ನಿಮ್ಮ ಗಿರಾಕಿಗೇ. ಕೋರ್ಟಿನ ಸ್ಟೆನೊ ಅಕ್ಕ.”

“ಅಯ್ಯೋ, ಅವರಿಗೆ ಹೃದಯದ ಡಾಕ್ಟ್ರು ಬೀಪಿಗೂ ನೀರಿಗೂ ಬೇರೆ ಕೊಟ್ಟಿದ್ದಾರಲ್ಲ! ನಮ್ಮಲ್ಲಿ ತಗೊಂಡಿದ್ದಲ್ಲ ಇದು. ನಮ್ಮಲ್ಲಾಗಿದ್ರೆ ಕೇಳದೆ ಕೊಡ್ತಿರಲಿಲ್ಲ ನಾನು. ಇನ್ನೇನು ತಗೋತಿದ್ದಾರೆ?”

ಸಾಹೇಬರು ಮಣಿಕಟ್ಟಿನ ನೋವಿನ ಮಾತ್ರೆಯ ಹೆಸರನ್ನೂ ಓದಿದರು. ಅತ್ತಲಿಂದ ಒಂದು ನಿಟ್ಟುಸಿರು ಕೇಳಿಸಿತು.

“ಆ ನೋವಿನ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತೆ ಸರ್, ಬೀಪಿ ಏರಿಸುತ್ತೆ. ಹೃದಯದವರು ಕೇಳದೆ ಮುಟ್ಟಲೇಬಾರದು. ಅದರಿಂದ ಬೀಪಿ ಏರಿದ್ದು ನೋಡಿ ಕ್ಲಿನಿಕ್ಕಿನವರು ಇನ್ನೊಂದು ಬರೆದಿರ್ತಾರೆ. ಒಬ್ರು ಕೊಟ್ಟಿದ್ದು ಇನ್ನೊಬ್ರಿಗೆ ಗೊತ್ತಾಗ್ಲಿಲ್ಲ. ಈಗ ಹೇಗಿದ್ದಾರೆ?”

“ಆಸ್ಪತ್ರೆಗೆ ಹೊರಟಿದ್ದಾರೆ,” ಎಂದು ಸಾಹೇಬರು ಫೋನ್ ಇಟ್ಟರು.

ಹತ್ತು ದಿನದ ಹಿಂದಿನ ಆ ಮಧ್ಯಾಹ್ನ ಅವರ ಕಣ್ಣ ಮುಂದೆ ಬಂದು ನಿಂತಿತು. ಹದಿನೆಂಟು ಗುಮಾಸ್ತರು ನೋಡುತ್ತಿದ್ದಂತೆ ಆಕೆಯ ಚೀಲವನ್ನು ಮೇಜಿನ ಮೇಲೆ ಕೊಡವಿದ್ದರು. ಒಂದು ಜೊತೆ ಬಟ್ಟೆ, ಒಳಬಟ್ಟೆ, ಟವೆಲ್ಲು, ಎರಡು ಪ್ಲಾಸ್ಟಿಕ್ ಕವರು. ಒಳಬಟ್ಟೆಯನ್ನು ಪೆನ್ನಿನ ತುದಿಯಿಂದ ಎತ್ತಿ ಹಿಡಿದು “ಯಾವೂರಿಗೆ ಹೊರಟಿದ್ರಿ ಅಕ್ಕಾ?” ಎಂದು ಕೇಳಿದ್ದರು. ಓಡಿಹೋಗುವ ತಯಾರಿ ಎಂದು ಅವರ ತರ್ಕ. ಹದಿನೆಂಟು ಜನರೂ ನಕ್ಕಿದ್ದರು. ಆಕೆ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದಳು, ತಲೆ ಎತ್ತಿರಲಿಲ್ಲ.

ಆ ಬಟ್ಟೆ ಯಾತಕ್ಕೆಂದು ಈಗ ಅವರಿಗೆ ಗೊತ್ತಾಯಿತು. ಕಿವಿಯ ತನಕ ಬಿಸಿಯೇರಿತು. ನೆಲ ಬಾಯಿ ಬಿಟ್ಟು ನುಂಗಬಾರದೆ ಎನ್ನಿಸಿತು. ನೆಲ ಅಷ್ಟು ಸುಲಭಕ್ಕೆ ಯಾರಿಗೂ ಉಪಕಾರ ಮಾಡುವುದಿಲ್ಲ.

ಚೀಲ ಹಿಡಿದು ಬಂದ ತಂಗಿ ಅವರ ಮುಖ ನೋಡಿದಳು. “ಏನಾಯ್ತು? ನಿಮಗೂ ಉಸಿರು ಕಟ್ತಿದೆಯಾ?”

“ಇಲ್ಲಮ್ಮ. ಎಲ್ಲಾ ಮಾತ್ರೆ, ಮೂರೂ ಚೀಟಿ ಇದರಲ್ಲೇ ಹಾಕಿ. ಹತ್ತು ದಿನದಿಂದ ಏನೂ ತಗೊಂಡಿಲ್ಲ ಅಂತ ಮೊದಲು ಹೇಳಿ. ಮುಚ್ಚಿಡಬೇಡಿ.” ಅವರು ಎದ್ದರು. “ನಾನು ಒಳಗೆ ಹೋಗ್ಲಾ? ವಿಚಾರಣೆಗಲ್ಲ. ಕ್ಷಮೆ ಕೇಳೋಕೆ.”

ತಂಗಿ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಐದು ನಿಮಿಷ. ಅವಳು ಅತ್ತರೆ ನಾನು ಸುಮ್ಮನಿರಲ್ಲ.”

ಒಳಕೋಣೆಯಲ್ಲಿ ಕಿಟಕಿ ಪೂರ್ತಿ ತೆರೆದಿತ್ತು. ಸ್ಟೆನೊ ಅಕ್ಕ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಮಡಿಲಲ್ಲಿ ದಿಂಬಿಟ್ಟು ಅದರ ಮೇಲೆ ಮೊಣಕೈ ಊರಿ ಕೂತಿದ್ದಳು. ಪಾದಗಳು ಊದಿ ಬೆರಳುಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಸಾಹೇಬರನ್ನು ಕಂಡದ್ದೇ ಹೊದಿಕೆ ಎಳೆದು ಕಾಲು ಮುಚ್ಚಿಕೊಂಡಳು.

“ಎದ್ದು ನಿಲ್ಲೋಕಾಗಲ್ಲ ಸಾಹೇಬ್ರೇ. ತಪ್ಪು ತಿಳ್ಕೋಬೇಡಿ.”

ಈ ಸ್ಥಿತಿಯಲ್ಲೂ ಮರ್ಯಾದೆ! ಸಾಹೇಬರು ಕುರ್ಚಿ ಎಳೆದುಕೊಳ್ಳದೆ ಗೋಡೆಗೆ ಆತು ನಿಂತರು. ಕ್ಷಮೆ ಕೇಳುವುದು ಹೇಗೆಂದು ಅವರಿಗೆ ರೂಢಿ ಇರಲಿಲ್ಲ. ಬೇರೆಯವರಿಂದ ಕೇಳಿಸಿಕೊಂಡು ಅಷ್ಟೇ ಗೊತ್ತಿತ್ತು.

“ಅಕ್ಕಾ, ನಿಮ್ಮ ಚೀಲದಲ್ಲಿದ್ದ ಬಟ್ಟೆ ಯಾತಕ್ಕೆ ಅಂತ ನನಗೆ ಗೊತ್ತಾಯ್ತು.”

ಆಕೆ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಬಂತು.

“ಹೋಗಿ ಸಾಹೇಬ್ರೇ. ದಯವಿಟ್ಟು. ಸಾಲು ಬಿಟ್ಟಿದ್ದು ನಾನೇ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.”

“ನೀವು ಕಳ್ಳಿ ಅಂತ ಬರ್ಕೊಡೋಕೆ ತಯಾರು. ಆ ಮಾತೊಂದು ಹೇಳೋಕೆ ತಯಾರಿಲ್ಲ?”

“ಕಳ್ಳಿ ಅಂದ್ರೆ ನಾಲ್ಕು ದಿನ ಆಡ್ಕೋತಾರೆ. ಅದು ಗೊತ್ತಾದ್ರೆ...” ಉಸಿರು ಸಾಲದೆ ಆಕೆ ನಿಲ್ಲಿಸಿದಳು. “ಜೀವ ಇರೋತನಕ ಮೂಗು ಮುಚ್ಕೋತಾರೆ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ಗಾದೆಯನ್ನು ಸಾಹೇಬರು ಕಳ್ಳರಿಗೆ ಎಷ್ಟೋ ಸಲ ಹೇಳಿ ಹೆದರಿಸಿದ್ದರು. ಆಕೆಯ ಮಾನವನ್ನು ಅಡಿಕೆಯ ಬೆಲೆಗೂ ಅಲ್ಲ, ಒಂದು ನಗುವಿಗೆ ಮಾರಿದವರು ತಾವೇ ಎಂದು ಈಗ ಅರ್ಥವಾಯಿತು.

ಅವರು ಜೇಬಿನಿಂದ ತಮ್ಮ ಡಬ್ಬಿ ತೆಗೆದು ಆಕೆಯ ದಿಂಬಿನ ಮೇಲಿಟ್ಟರು.

“ತೆಗೆದು ನೋಡಿ. ಐದು ಖಾನೆ ಇದೆ. ಬಿಳೀದು ನಿಮ್ಮದೇ ಜಾತಿ. ಎರಡು ವರ್ಷ ಆಯ್ತು ನನಗೂ ಹೃದಯ ಸೋತು. ನೀವು ಕೋರ್ಟಿನ ದಿನ ಬಿಡ್ತೀರಿ, ನಾನು ಕಾದು ಕೂರೋ ದಿನ ಬಿಡ್ತೀನಿ.”

ಆಕೆ ಕಣ್ಣು ತೆರೆದಳು.

“ಹೋದ ವರ್ಷ ಒಂದಿನ ಹೆಂಡತಿ ಎದುರೇ ನಿಂತು ನುಂಗಿಸಿಬಿಟ್ಳು. ಅವತ್ತೇ ಕಾರಲ್ಲಿ ನಾಲ್ಕು ಗಂಟೆ ಕೂರಬೇಕಾಯ್ತು. ಇಳಿದ್ರೆ ಕಳ್ಳ ತಪ್ಪಿಸ್ಕೋತಾನೆ. ಇಳೀಲಿಲ್ಲ.” ಸಾಹೇಬರ ಮುಖ ಕೆಂಪಾಯಿತು. ಈ ಮಾತು ಅವರ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. “ಡ್ರೈವರಿಗೆ ಟೀ ಚೆಲ್ತು ಅಂದೆ. ಸೀಟಿನ ಕವರು ಬದಲಾಯ್ಸೋಕೆ ಕೊಟ್ಟೆ. ಅವನು ‘ಸಾಹೇಬ್ರೇ, ಫ್ಲಾಸ್ಕು ಮನೇಲೇ ಬಿಟ್ಟಿದ್ರಲ್ಲಾ’ ಅಂದ.”

ಸ್ಟೆನೊ ಅಕ್ಕ ಅವರನ್ನೇ ನೋಡಿದಳು. ಆಮೇಲೆ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಬಾಗಿಲಲ್ಲಿ ತಂಗಿಯ ತಲೆ ಕಾಣಿಸಿತು. ಅಕ್ಕ ಕೈಸನ್ನೆಯಲ್ಲೇ ‘ಇರಲಿ’ ಎಂದಳು.

“ನೀವು ಟೀ ಅಂದ್ರಿ, ನಾನು ನೀರಿನ ಬಾಟ್ಲಿ ಅನ್ನೋಣ ಅಂದ್ಕೊಂಡಿದ್ದೆ ಸಾಹೇಬ್ರೇ. ಬಾಟ್ಲಿ ಮೈಮೇಲೆ ಬಿತ್ತು ಅಂತ ಹೇಳೋದು ಅಂತ. ಬೇಕಂತ್ಲೇ ಸುರಿದುಕೊಂಡೂ ಬಂದೆ. ಯಾರೂ ಕೇಳ್ಲೇ ಇಲ್ಲ.”

ಆಮೇಲೆ ಆಕೆ ಹೇಳಿದಳು. ನಾಲ್ಕು ಮಾತಿಗೊಮ್ಮೆ ನಿಂತು, ಉಸಿರು ಕೂಡಿಸಿಕೊಂಡು.

ಕೋರ್ಟಿನಲ್ಲಿ ಹೆಂಗಸರ ಶೌಚಾಲಯ ಇರುವುದು ಎರಡು ಅಂತಸ್ತು ಕೆಳಗೆ, ಹಳೇ ಕಡತದ ಕೋಣೆಯ ಪಕ್ಕ. ಬೀಗದ ಕೈ ಹೆಡ್ ಕ್ಲರ್ಕಿನ ಮೇಜಿನ ಮೊಳೆಯಲ್ಲಿ ನೇತಾಡುತ್ತದೆ. ಕೇಳಿ ತೆಗೆದುಕೊಂಡು ಹೋಗಬೇಕು, ಮರಳಿ ತಂದು ನೇತುಹಾಕಬೇಕು, ಹೋಗುವಾಗೊಮ್ಮೆ ಬರುವಾಗೊಮ್ಮೆ ಹದಿನೆಂಟು ತಲೆಗಳು ಮೇಲೇಳುತ್ತವೆ. ದಿನಕ್ಕೆ ಒಂದು ಸಲವಾದರೆ ಸರಿ. ಐದು ಸಲ ಹೇಗೆ? ಆದ್ದರಿಂದ ಆಕೆ ನೀರಿನ ಮಾತ್ರೆಯನ್ನು ರಜಾದಿನಕ್ಕೆ ಎತ್ತಿಟ್ಟಳು. ಡಾಕ್ಟರು ಕೇಳಿದರೆ ದಿನಾ ನುಂಗುತ್ತೇನೆ ಎಂದಳು. ಕಾಲು ಊದಿತು, ದೊಡ್ಡ ಅಳತೆಯ ಚಪ್ಪಲಿ ಕೊಂಡಳು.

“ಅವತ್ತು ಬೆಳಗ್ಗೆ ಸಾಕ್ಷಿ ಹೇಳಿಕೆ. ಪೂರ್ತಿ ಶಾರ್ಟ್‌ಹ್ಯಾಂಡಲ್ಲಿ ತಗೊಂಡೆ. ಮಧ್ಯಾಹ್ನ ಊಟ ಆದ್ಮೇಲೆ ಕ್ಲಿನಿಕ್ಕಿಂದು ಹೊಸ ಮಾತ್ರೆ ನುಂಗಿದೆ. ಬೀಪಿದು ಅಂತ ಕೊಟ್ಟಿದ್ರು. ಅದರೊಳಗೆ ಇದೂ ಇದೆ ಅಂತ ನನಗೇನು ಗೊತ್ತು? ಎರಡೂವರೆಯಿಂದ ಟೈಪ್ ಮಾಡ್ತಾ ಕೂತೆ. ಮೂರೂಕಾಲಿಗೆ... ತಡ್ಕೊಳ್ಳೋಕೇ ಆಗ್ಲಿಲ್ಲ, ಏಳೋಷ್ಟರಲ್ಲಿ ಕುರ್ಚಿ ಒದ್ದೆಯಾಯ್ತು. ಬೀಗದ ಕೈ ಕೇಳೋಕೂ ಹೋಗ್ಲಿಲ್ಲ, ಹಿಂದಿನ ಮೆಟ್ಟಿಲಿಂದ ಓಡ್ದೆ. ಕೆಳಗೆ ಬಾಗಿಲು ತೆರೆದಿರ್ಲಿ ದೇವ್ರೇ ಅಂತ.”

ಆಕೆ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

“ಉಳಿದಿದ್ದು ಮೆಟ್ಟಿಲ ಮೇಲೇ ಆಗೋಯ್ತು ಸಾಹೇಬ್ರೇ. ಐವತ್ತೇಳು ವರ್ಷದ ಹೆಂಗಸು. ಕಸ ಗುಡಿಸೋಳ ಬಕೆಟ್ಟು ಅಲ್ಲಿತ್ತು. ಮೆಟ್ಟಿಲು ನಾನೇ ತೊಳೆದೆ. ಬಟ್ಟೆ ಅಲ್ಲೇ ನಲ್ಲೀಲಿ ಹಿಂಡಿ ಉಟ್ಕೊಂಡೆ. ತಲೆ ತಿರುಗ್ತಿತ್ತು, ಕೂತೆ. ಮೇಲೆ ಬಂದಾಗ ನಾಲ್ಕು ಗಂಟೆ.”

ಸಾಹೇಬರು ಗೋಡೆ ಬಿಟ್ಟು ಮುಂದೆ ಬಂದರು. ಮೂರೂಕಾಲರಿಂದ ನಾಲ್ಕು. ಆಕೆಯ ಮೇಲೆ ಅವರು ಹೊರಿಸಿದ ಆರೋಪಪಟ್ಟಿಯ ಮೊದಲ ಕಲಮೇ ಇದಾಗಿತ್ತು. ಕಂಪ್ಯೂಟರಿನಲ್ಲಿ ಆ ಹೇಳಿಕೆ ಹತ್ತು ಹತ್ತು ನಿಮಿಷಕ್ಕೆ ಸೇವ್ ಆಗಿತ್ತು, ನಡುವೆ ಎಲ್ಲೂ ಬಿಡುವಿಲ್ಲ. ಹಾಗಾಗಿ ಆಕೆ ಕುರ್ಚಿ ಬಿಟ್ಟು ಎದ್ದಿಲ್ಲ, ಹಾಗಾಗಿ ಸಾಲು ಬಿಟ್ಟದ್ದು ಆಕೆಯೇ. ಎಷ್ಟು ಬಿಗಿಯಾದ ತರ್ಕವೆಂದು ಬರೆದ ದಿನ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಈ ಸಲ ಅವರ ಜರಡಿಯಲ್ಲಿ ಕಾಳೆಲ್ಲ ಸೋರಿ ಕಲ್ಲು ಮಾತ್ರ ಉಳಿದಿತ್ತು.

“ಅಕ್ಕಾ, ಆ ಮುಕ್ಕಾಲು ಗಂಟೆ ಕಂಪ್ಯೂಟರ್ ನಿಂತಿಲ್ಲ. ಯಾರೋ ಟೈಪ್ ಮಾಡಿದ್ದಾರೆ.”

“ಹೌದು.”

“ನಿಮಗೆ ಗೊತ್ತ?”

“ಬಂದು ನೋಡಿದ್ರೆ ಏಳನೇ ಪುಟ ಮುಗಿದಿತ್ತು. ಎಂಟನೇದೂ ಅರ್ಧ ಆಗಿತ್ತು. ಕುರ್ಚಿ ಒರೆಸಿತ್ತು ಸಾಹೇಬ್ರೇ. ಕುರ್ಚಿ ಯಾರೋ ಒರೆಸಿದ್ರು.” ಆಕೆಯ ದನಿ ಕೆಳಗಿಳಿಯಿತು. “ನನ್ನ ಮಾನ ಕಾಪಾಡಿದ್ರು ಅಂದ್ಕೊಂಡೆ. ಉಳಿದಿದ್ದು ಮುಗಿಸಿ, ಏಳನೇ ಪುಟ ಓದದೇ ಸಹಿ ಹಾಕಿದೆ. ಇಪ್ಪತ್ತೆಂಟು ವರ್ಷದಲ್ಲಿ ಓದದೇ ಸಹಿ ಹಾಕಿದ್ದು ಅದೊಂದೇ ಪುಟ. ಬಟ್ಟೆ ಒದ್ದೆ ಇತ್ತು, ಮನೆಗೆ ಹೋದ್ರೆ ಸಾಕಾಗಿತ್ತು.”

“ಆಮೇಲೆ ಸಾಲು ಬಿಟ್ಟಿದೆ ಅಂತ ಗೊತ್ತಾಯ್ತಲ್ಲ. ಆಗ್ಲಾದ್ರೂ ಹೇಳಬಹುದಿತ್ತು.”

“ಅವಸರದಲ್ಲಿ ಕಣ್ತಪ್ಪಿರುತ್ತೆ ಅಂದ್ಕೊಂಡೆ. ಉಪಕಾರ ಮಾಡಿದವರನ್ನ ಕಟಕಟೆಗೆ ಎಳೀಲಾ? ಎಳೆದ್ರೆ, ನೀನೆಲ್ಲಿ ಹೋಗಿದ್ದೆ ಅಂತ ಕೇಳಲ್ವಾ?”

“ಅಕ್ಕಾ!” ಸಾಹೇಬರ ದನಿ ಅವರಿಗೇ ಗೊತ್ತಿಲ್ಲದೆ ಏರಿತು. “ಅಲ್ಲೊಬ್ಬ ಮನುಷ್ಯ ಮಾಡದ ತಪ್ಪಿಗೆ ಬದುಕಿಡೀ ಜೈಲಲ್ಲಿ ಕೊಳೀತಾನೆ. ನಾಡಿದ್ದು ಸೋಮವಾರ.”

“ಗೊತ್ತು.” ಆಕೆ ಮೊದಲ ಸಲ ನೇರವಾಗಿ ಅವರ ಮುಖ ನೋಡಿದಳು. “ನನ್ನ ಒಂದು ಬಟ್ಟೆಯ ಮಾನಕ್ಕೆ ಅವನ ಜೀವ ಒತ್ತೆ ಇಟ್ಟೆ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಮಾತ್ರೆ ಇಳೀತಿರ್ಲಿಲ್ಲ ಸಾಹೇಬ್ರೇ. ಯಾವ ಮುಖ ಇಟ್ಕೊಂಡು ಈ ಹೃದಯ ಉಳಿಸ್ಕೊಳ್ಳಲಿ ನಾನು?”

ಆ ಮುಖವನ್ನು ಕಿತ್ತುಕೊಂಡವರೇ ಈಗ ಯಾವ ಬಾಯಿಂದ ಬುದ್ಧಿ ಹೇಳುವುದು? ಹೊರಗೆ ರಸ್ತೆಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿಸಿತು. ತಂಗಿ ಬಾಗಿಲು ತೆರೆಯಲು ಓಡಿದಳು.

“ಇಸ್ತ್ರಿಯಾಕೆ ಆ ಮಾತು ಹೇಳಿದ್ದು ನಿಮಗೆ ನೆನಪಿದೆಯಾ?” ಸಾಹೇಬರು ಮಂಡಿಯೂರಿ ಕೂತು ಕೇಳಿದರು.

“ನೆನಪ್ಯಾಕೆ? ಬರ್ಕೊಂಡಿದ್ದೀನಲ್ಲ. ಶಾರ್ಟ್‌ಹ್ಯಾಂಡ್ ಪುಸ್ತಕದಲ್ಲಿ ಇದೆ. ಅಕ್ಷರ ಅಕ್ಷರ ಇದೆ.”

ಅವರ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಇದೆ, ಸಾಲು ಇದೆ! ಕಾವಲುಗಾರ ಉಳಿದ, ಆಕೆಯೂ ಉಳಿದಳು. ಮರುಗಳಿಗೆಯೇ ಹುರುಪು ಇಳಿಯಿತು. ಆಕೆಯ ಪುಸ್ತಕಗಳನ್ನು ಅವರು ಚೀಲ ಕೊಡವಿದ ದಿನವೇ ವಶಪಡಿಸಿಕೊಂಡಿದ್ದರು, ಮೂವರು ನುರಿತ ಸ್ಟೆನೊಗಳಿಗೆ ತೋರಿಸಿದ್ದರು. ಮೂವರೂ ಕೈ ಚೆಲ್ಲಿದ್ದರು.

“ನಿಮ್ಮ ಕೈ ಯಾರಿಗೂ ಓದೋಕಾಗಲ್ಲ ಅಂದ್ರಲ್ಲ ಅಕ್ಕಾ.”

“ಆಗಲ್ಲ. ಅರ್ಧ ಗೀಟು ನಾನೇ ಹುಟ್ಟಿಸ್ಕೊಂಡಿದ್ದು.”

“ನೀವೇ ಓದಿದ್ರೆ ಕೋರ್ಟು ಒಪ್ಪಲ್ಲ. ಆರೋಪಿನೇ ತನ್ನ ಸಾಕ್ಷಿ ಹೇಳಿದಂಗೆ. ಇನ್ನೊಬ್ಬರು ಬೇಕು.” ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. ಏಳನೇ ಪುಟವನ್ನು ಟೈಪು ಮಾಡಿದವರು ಏನು ನೋಡಿ ಮಾಡಿದರು? ಸ್ಟ್ಯಾಂಡಿನ ಮೇಲೆ ತೆರೆದಿಟ್ಟಿದ್ದ ಇದೇ ಪುಸ್ತಕವನ್ನು. “ಅಕ್ಕಾ, ಓದಬಲ್ಲವರು ಒಬ್ಬರಿದ್ದಾರೆ. ಕುರ್ಚಿ ಒರೆಸಿದವರು. ಯಾರು ಅವರು?”

ಆಸ್ಪತ್ರೆಯ ಇಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದರು. ಒಬ್ಬ ಆಕೆಯ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ, “ಮಾತು ಸಾಕು ಅಮ್ಮಾ” ಎಂದ. ತಂಗಿ ಚೀಲ ತಂದು ಅವನ ಕೈಗಿಟ್ಟು “ಹತ್ತು ದಿನದಿಂದ ಒಂದೂ ತಗೊಂಡಿಲ್ಲ, ಅದಕ್ಕೆ ಮುಂಚೆ ನೀರಿಂದು ಬಿಡ್ತಿದ್ಲಂತೆ” ಎಂದಳು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು.

ಸ್ಟೆನೊ ಅಕ್ಕ ಗಾಲಿಕುರ್ಚಿಯಿಂದ ಕೈ ಚಾಚಿ ಸಾಹೇಬರ ತೋಳು ಹಿಡಿದಳು.

“ನಾನು ಕೆಲಸಕ್ಕೆ ಸೇರಿದ ವರ್ಷ ಪಕ್ಕದ ಕುರ್ಚೀಲಿ ಒಬ್ರು ಸ್ಟೆನೊ ಇದ್ರು. ಸಂಜೆ ಕಾಲೇಜಲ್ಲಿ ಕಾನೂನು ಓದ್ತಿದ್ರು. ಪಾಠಕ್ಕೆ ಹೊತ್ತಾದ್ರೆ ಅವರ ಪಾಲಿನ ಕೋರ್ಟು ನೋಟ್ಸು ನಾನು ಬರೀತಿದ್ದೆ, ಮರುದಿನ ಅವರು ಅದನ್ನೇ ಓದಿ ಟೈಪ್ ಮಾಡ್ತಿದ್ರು. ನನ್ನ ಗೀಟು ಎಲ್ಲಾ ಅವರಿಗೆ ಬರುತ್ತೆ.” ಆಕೆ ಉಸಿರೆಳೆದುಕೊಂಡಳು. “ತುಂಬಾ ದೊಡ್ಡೋರಾದ್ರು. ಆದ್ರೂ ಹಳೇ ಋಣ ನೆನೆಸ್ಕೊಂಡು ನನ್ನ ಕುರ್ಚಿ ಒರೆಸಿದ್ರು ಅಂದ್ಕೊಂಡೆ. ಅವರ ಕೋಣೆಯಿಂದ ನನ್ನ ಕೋಣೆಗೆ ಬಾಗಿಲಿದೆ ಸಾಹೇಬ್ರೇ.”

“ಯಾರಕ್ಕಾ?”

“ಸೋಮವಾರ ತೀರ್ಪು ಓದೋರು.”

ನ್ಯಾಯಾಧೀಶರು! “ದಾಖಲೆಯಲ್ಲಿ ಏನಿದೆಯೋ ಅಷ್ಟೇ ನನಗೆ ಗೊತ್ತು” ಎಂದವರು. ತಾವೇ ಸಾಹೇಬರನ್ನು ಕರೆಸಿ, “ಪಾಪದ ಹೆಂಗಸು, ಮೆತ್ತಗೆ ವಿಚಾರಿಸಿ” ಎಂದು ತನಿಖೆ ಒಪ್ಪಿಸಿದವರು.

ಗಾಲಿಕುರ್ಚಿ ಹೊಸ್ತಿಲು ದಾಟಿ ಬೀದಿಗೆ ಇಳಿಯಿತು. ಸಾಹೇಬರು ಹಿಂದೆಯೇ ಓಡಿದರು. ಗಾಡಿಯ ಬಾಗಿಲು ಮುಚ್ಚುವ ಮುನ್ನ ಆಕೆ ಮೂಗಿನ ಕೊಳವೆ ಸರಿಸಿ ಕೇಳಿದಳು.

“ನನ್ನ ಪುಸ್ತಕ ಭದ್ರವಾಗಿದೆ ತಾನೇ? ಆ ಸಾಲು ಬೇರೆಲ್ಲೂ ಇಲ್ಲ.”

ಸಾಹೇಬರು ತಲೆ ತಗ್ಗಿಸಿದರು. ನಿನ್ನೆ ಸಂಜೆ ಯಾರಿಗೂ ಓದಲಾಗದ ಆ ಪುಸ್ತಕಗಳನ್ನೆಲ್ಲ ಅರಗಿನ ಮುದ್ರೆ ಹಾಕಿ, ರಶೀದಿ ಪಡೆದು, ಅವರು ಒಪ್ಪಿಸಿ ಬಂದಿದ್ದರು.

“ಅವರ ಕೈಗೇ ಕೊಟ್ಟೆ, ಅಕ್ಕಾ.”